ನವೆಂಬರ್ 1: ಹೆಸರಿನ ಹಬ್ಬ, ಮಾರುಕಟ್ಟೆಯ ಹೊಣೆ

ನಾಡಿನ ಇತಿಹಾಸದಲ್ಲಿ ನವೆಂಬರ್ 1 ಮೂರು ಬಾರಿ ಗುರುತಾದ ದಿನ. 1956ರಲ್ಲಿ ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಮತ್ತು ಮೈಸೂರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದುಗೂಡಿದವು. 1973ರಲ್ಲಿ, ಶ್ರೀ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯವು ‘ಕರ್ನಾಟಕ’ವಾಯಿತು. 2014ರಲ್ಲಿ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ ಸೇರಿದಂತೆ 12 ನಗರಗಳ ಕನ್ನಡ ಹೆಸರುಗಳೇ ಅಧಿಕೃತವಾದವು.

ವರ್ತಕರ ದೃಷ್ಟಿಯಲ್ಲಿ ಮೊದಲನೆಯದೇ ಹಿರಿದು. ಏಕೀಕರಣದ ನಂತರವೂ ಕೆಲಕಾಲ ಹುಬ್ಬಳ್ಳಿಯ ಅಂಗಡಿಗೆ ಮುಂಬಯಿಯ, ಮಂಗಳೂರಿನ ಅಂಗಡಿಗೆ ಮದ್ರಾಸಿನ, ಕಲಬುರಗಿಯ ಅಂಗಡಿಗೆ ಹೈದರಾಬಾದಿನ ಮಾರಾಟ ತೆರಿಗೆ ಕಾನೂನೇ ಅನ್ವಯಿಸುತ್ತಿತ್ತು. 1957ರ ಮೈಸೂರು ಮಾರಾಟ ತೆರಿಗೆ ಕಾಯ್ದೆಯು ಇವರೆಲ್ಲರನ್ನೂ ಒಂದೇ ನಿಯಮದಡಿ ತಂದಿತು. ನಕ್ಷೆಯನ್ನು ಒಂದೇ ದಿನದಲ್ಲಿ ಬದಲಿಸಬಹುದು; ಮಾರುಕಟ್ಟೆ ಒಂದಾಗಲು ಸತತ ಶ್ರಮ ಅಗತ್ಯ.

ಆ ಶ್ರಮ ಇನ್ನೂ ಮುಗಿದಿಲ್ಲ. ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿಯೇ ವರದಿ ಮಾಡಿತ್ತು. ಆದುದರಿಂದ, ರಾಜ್ಯೋತ್ಸವದ ಧ್ವಜಾರೋಹಣದ ಬಳಿಕ ಪ್ರತಿಯೊಂದು ಜಿಲ್ಲೆಯ ವಾಣಿಜ್ಯ ಸಂಸ್ಥೆಯೂ ತನ್ನ ಭಾಗದ ವಿದ್ಯುತ್, ರಸ್ತೆ ಹಾಗೂ ಬ್ಯಾಂಕ್ ಸಾಲದ ಕೊರತೆಗಳ ಪಟ್ಟಿಯನ್ನು ಸರ್ಕಾರದ ಮುಂದಿಡಲಿ. ಮರುವರ್ಷ ಅದೇ ದಿನ ಅದರ ಲೆಕ್ಕ ಕೇಳಲಿ. ರಾಯಚೂರಿನ ಸಣ್ಣ ಉದ್ಯಮಿಗೂ ಬೆಂಗಳೂರಿನ ಉದ್ಯಮಿಗೂ ಸಮಾನ ಅವಕಾಶ ದೊರೆತಾಗಲೇ ಏಕೀಕರಣವು ಪೂರ್ಣಗೊಂಡೀತು.