ಆಸ್ಪತ್ರೆಯ ಆಡಳಿತದಿಂದ ಹೂಡಿಕೆಯ ಮೇಜಿಗೆ

ಇಪ್ಪತ್ತು ವರ್ಷ ಆಸ್ಪತ್ರೆ ನಡೆಸಿದವರಿಗೆ ಅದರ ಸಂದುಗೊಂದುಗಳೆಲ್ಲ ಗೊತ್ತಿರುತ್ತವೆ. ಯಾವ ವಾರ್ಡಿನ ಹಾಸಿಗೆಗಳು ಖಾಲಿ ಬೀಳುತ್ತವೆ, ಯಾವ ವಿಮಾ ಕಂಪನಿ ಬಿಲ್ಲನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತದೆ, ಯಾವ ತಜ್ಞ ವೈದ್ಯ ಬಿಟ್ಟುಹೋದರೆ ಇಡೀ ವಿಭಾಗವೇ ಬರಿದಾಗುತ್ತದೆ, ರಾತ್ರಿ ಪಾಳಿಯನ್ನು ಕನಿಷ್ಠ ಎಷ್ಟು ಮಂದಿ ದಾದಿಯರಿಂದ ನಿಭಾಯಿಸಬಹುದು ಎಂಬುದೆಲ್ಲ ಅನುಭವದಿಂದಷ್ಟೇ ದಕ್ಕುವ ತಿಳಿವಳಿಕೆ. ಈ ತಿಳಿವಳಿಕೆಗೆ ಹೊಸ ಗಿರಾಕಿ ಹುಟ್ಟಿಕೊಂಡಿದ್ದಾನೆ. ಅದು ಖಾಸಗಿ ಈಕ್ವಿಟಿ ನಿಧಿ.

ಬೆಂಗಳೂರಿಗೆ ಇದು ದೂರದ ಸುದ್ದಿಯೇನಲ್ಲ. ವೊಕಾರ್ಡ್ ಆಸ್ಪತ್ರೆಗಳ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ವಿಶಾಲ್ ಬಾಲಿ, 2009ರಲ್ಲಿ ಆ ಸರಪಳಿಯ ಬಹುಪಾಲು ಆಸ್ಪತ್ರೆಗಳನ್ನು ಫೋರ್ಟಿಸ್ ಕೊಂಡ ಮೇಲೆ ಅಲ್ಲಿಯೂ ಉನ್ನತ ಹುದ್ದೆಯಲ್ಲಿದ್ದರು. ಮುಂದೆ ಅಮೆರಿಕದ ಹೂಡಿಕೆ ಸಂಸ್ಥೆ ಟಿಪಿಜಿಯ ಜತೆಗೂಡಿ, ಮದರ್‌ಹುಡ್ ಹಾಗೂ ನೋವಾ ಐವಿಎಫ್ ಕೇಂದ್ರಗಳನ್ನು ಹೊಂದಿರುವ ಏಷ್ಯಾ ಹೆಲ್ತ್‌ಕೇರ್ ಹೋಲ್ಡಿಂಗ್ಸ್ ಸಂಸ್ಥೆಯನ್ನು ಕಟ್ಟಿದರು. 2023ರಲ್ಲಿ ಸಿಂಗಪುರದ ಟೆಮಾಸೆಕ್ ಮಣಿಪಾಲ ಆಸ್ಪತ್ರೆಗಳಲ್ಲಿ ಬಹುಮತದ ಪಾಲು ಪಡೆಯಿತು. ಕೇರ್ ಆಸ್ಪತ್ರೆಗಳು ಅದೇ ವರ್ಷ ಬ್ಲ್ಯಾಕ್‌ಸ್ಟೋನ್ ಕೈಸೇರಿದವು.

ಇದರಲ್ಲಿ ಕಾನೂನುಬಾಹಿರವಾದುದು ಏನೂ ಇಲ್ಲ. ಆಸ್ಪತ್ರೆಗಳಲ್ಲಿ ಶೇ 100ರಷ್ಟು ವಿದೇಶಿ ಬಂಡವಾಳಕ್ಕೆ 2000ದಲ್ಲೇ ಬಾಗಿಲು ತೆರೆಯಲಾಯಿತು. ಸರ್ಕಾರ ಕಟ್ಟದ ಹಾಸಿಗೆಗಳನ್ನು ಯಾರಾದರೂ ಕಟ್ಟಲೇಬೇಕಲ್ಲ! ಆರೋಗ್ಯ ಕ್ಷೇತ್ರದ ಗಂಧಗಾಳಿಯಿಲ್ಲದ ಲೆಕ್ಕಿಗರಿಗಿಂತ, ವಾರ್ಡು ಕಂಡವರೇ ಹೂಡಿಕೆಯ ಮೇಜಿನಲ್ಲಿ ಕುಳಿತಿರುವುದು ಒಳ್ಳೆಯದು ಎಂಬ ವಾದವನ್ನೂ ತಳ್ಳಿಹಾಕಲಾಗದು.

ಆದರೆ ಕುರ್ಚಿಯ ಜತೆಗೆ ಗಡಿಯಾರವೂ ಬದಲಾಗುತ್ತದೆ. ನಿಧಿಯ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ಕೊಂಡದ್ದನ್ನು ಬೆಳೆಸಿ, ನಾಲ್ಕಾರು ವರ್ಷಗಳಲ್ಲಿ ಹೆಚ್ಚಿನ ಬೆಲೆಗೆ ಮಾರಿ, ಹಣ ಹಾಕಿದವರಿಗೆ ಮರಳಿಸಬೇಕು. ಲಾಭದಲ್ಲಿ ಸುಮಾರು ಶೇ 20ರಷ್ಟು ನಿಧಿ ನಡೆಸುವವರ ಪಾಲು ಎಂಬುದು ಈ ವ್ಯವಹಾರದ ವಾಡಿಕೆ. ಕಾರ್ಪೊರೇಟ್ ಆಸ್ಪತ್ರೆಯ ಆಡಳಿತಗಾರರೇನೂ ಲಾಭದ ಗೊಡವೆಯಿಲ್ಲದ ಸಂತರಲ್ಲ. ಆದರೂ ಅವರು ಮೊಗಸಾಲೆಯಲ್ಲಿ ರೋಗಿಯ ಬಂಧುಗಳ ಕಣ್ಣಿಗೆ ಬೀಳುತ್ತಾರೆ, ಸಿಟ್ಟಿಗೆದ್ದ ಮೇಟ್ರನ್‌ಗೆ ಉತ್ತರಿಸಬೇಕಾಗುತ್ತದೆ. ಹೂಡಿಕೆಯ ಮೇಜಿಗೆ ಬಂದಮೇಲೆ ಅದೇ ದಾದಿಯರ ಸಂಖ್ಯೆ ಲೆಕ್ಕದ ಹಾಳೆಯ ಒಂದು ಚೌಕವಷ್ಟೇ.

ಈ ದಾರಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ, ಖಾಸಗಿ ಈಕ್ವಿಟಿ ನಮ್ಮಲ್ಲಿಗಿಂತ ಮೊದಲೇ ಬೇರುಬಿಟ್ಟ ಅಮೆರಿಕದಲ್ಲಿ ಸಾಕ್ಷ್ಯವಿದೆ. ಹೃದಯ ಶಸ್ತ್ರವೈದ್ಯ ರಾಲ್ಫ್ ಡಿ ಲಾ ಟೊರೆ 2008ರಲ್ಲಿ ಬಾಸ್ಟನ್ನಿನ ಕ್ಯಾಥೊಲಿಕ್ ಆಸ್ಪತ್ರೆಗಳ ಸಮೂಹವೊಂದರ ಮುಖ್ಯಸ್ಥರಾದರು. ಸಂಸ್ಥೆ ನಷ್ಟದಲ್ಲಿತ್ತು. 2010ರಲ್ಲಿ ಅವರೇ ಮುಂದೆ ನಿಂತು ಅದನ್ನು ಸರ್ಬರಸ್ ಎಂಬ ಖಾಸಗಿ ಈಕ್ವಿಟಿ ಸಂಸ್ಥೆಗೆ ಒಪ್ಪಿಸಿದರು. ಸ್ಟುವರ್ಡ್ ಎಂಬ ಹೊಸ ಹೆಸರಿನಲ್ಲಿ ತಾವೇ ಮುಖ್ಯಸ್ಥರಾಗಿ ಮುಂದುವರಿದರು. 2016ರಲ್ಲಿ ಆಸ್ಪತ್ರೆಗಳ ಕಟ್ಟಡ, ಜಮೀನು ಸೇರಿದಂತೆ ಸುಮಾರು 125 ಕೋಟಿ ಡಾಲರಿನ ವಹಿವಾಟು ನಡೆಯಿತು. ತಮ್ಮದೇ ಸೂರಿನಡಿ ಇದ್ದ ಆಸ್ಪತ್ರೆಗಳು ಅಂದಿನಿಂದ ಬಾಡಿಗೆದಾರರಾದವು. ಸರ್ಬರಸ್ ಲಾಭ ಪಡೆದು 2020ರ ಹೊತ್ತಿಗೆ ನಿಯಂತ್ರಣ ಬಿಟ್ಟುಕೊಟ್ಟಿತು. ಬಾಡಿಗೆಯ ಹೊರೆ ಮಾತ್ರ ಉಳಿಯಿತು.

2023ರ ಅಕ್ಟೋಬರಿನಲ್ಲಿ ಸ್ಟುವರ್ಡ್‌ನ ಬಾಸ್ಟನ್ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾದ ಮಹಿಳೆಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು. ರಕ್ತಸ್ರಾವ ತಡೆಯಲು ಬಳಸುವ ಪುಟ್ಟ ಲೋಹದ ಸುರುಳಿಗಳು ಅಲ್ಲಿರಲಿಲ್ಲ; ಬಾಕಿ ಪಾವತಿಯಾಗದ ಕಾರಣ ಪೂರೈಕೆದಾರರು ವಾರಗಳ ಹಿಂದೆಯೇ ಅವನ್ನು ವಾಪಸು ಒಯ್ದಿದ್ದರು ಎಂದು ‘ಬಾಸ್ಟನ್ ಗ್ಲೋಬ್’ ಪತ್ರಿಕೆ ವರದಿ ಮಾಡಿತು. 2024ರ ಮೇ ತಿಂಗಳಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು, ಆಗಸ್ಟ್ ಅಂತ್ಯಕ್ಕೆ ಮ್ಯಾಸಚೂಸೆಟ್ಸ್‌ನ ಎರಡು ಆಸ್ಪತ್ರೆಗಳಿಗೆ ಬೀಗ ಬಿತ್ತು. ವಿಚಾರಣೆಗೆ ಹಾಜರಾಗದ ಡಿ ಲಾ ಟೊರೆ ಅವರ ವಿರುದ್ಧ ಸೆನೆಟ್ ನಿಂದನಾ ನಿರ್ಣಯ ಅಂಗೀಕರಿಸಿದ ಬೆನ್ನಿಗೇ ಅವರು ಹುದ್ದೆ ತೊರೆದರು. ಲೋಹದ ಸುರುಳಿಯ ಬೆಲೆ ಏನೆಂದು ಶಸ್ತ್ರವೈದ್ಯರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇದೊಂದೇ ಪ್ರಕರಣವೆಂದು ಪಕ್ಕಕ್ಕಿಡುವಂತಿಲ್ಲ. ‘ಜಾಮಾ’ ವೈದ್ಯಕೀಯ ಪತ್ರಿಕೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಖಾಸಗಿ ಈಕ್ವಿಟಿ ಕೊಂಡ ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿ ಬೀಳುವುದು, ಸೋಂಕು ತಗಲುವುದು ಮೊದಲಾದ ಅವಘಡಗಳು ಇತರ ಆಸ್ಪತ್ರೆಗಳಿಗೆ ಹೋಲಿಸಿದರೆ ಸುಮಾರು ಶೇ 25ರಷ್ಟು ಹೆಚ್ಚಿದವು. ಸಾವುಗಳು ಹೆಚ್ಚಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಹೀಗೆಯೇ ಆಗುತ್ತದೆಂದು ಇದರಿಂದ ತೀರ್ಮಾನಿಸಲಾಗದು, ನಿಜ. ಆದರೆ ಅಳೆದು ನೋಡುವ ಏರ್ಪಾಡಾದರೂ ಬೇಕಲ್ಲವೇ?

ಆಡಳಿತಗಾರರು ಹೂಡಿಕೆಯತ್ತ ಹೊರಳುವುದನ್ನು ತಡೆಯುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಅವರ ಸಂಭಾವನೆ ಮಾರಾಟದ ಬೆಲೆಗಷ್ಟೇ ಅಂಟಿಕೊಂಡಿರಬಾರದು. ಸೋಂಕಿನ ಪ್ರಮಾಣ, ಪಾಳಿಯ ದಾದಿಯರ ಸಂಖ್ಯೆಗಳೂ ಅದರಲ್ಲಿ ಲೆಕ್ಕಕ್ಕೆ ಬರಬೇಕು. ಸ್ಟುವರ್ಡ್ ಪಾಠದ ನಂತರ ಮ್ಯಾಸಚೂಸೆಟ್ಸ್ 2025ರ ಜನವರಿಯಲ್ಲಿ ಹೂಡಿಕೆದಾರರನ್ನೂ ನಿಗಾ ವ್ಯಾಪ್ತಿಗೆ ತರುವ ಕಾಯ್ದೆ ಮಾಡಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ದರಪಟ್ಟಿಯನ್ನು ರೋಗಿಗಳಿಗೆ ಕಾಣುವಂತೆ ಪ್ರದರ್ಶಿಸಬೇಕೆನ್ನುತ್ತದೆ. ಆಸ್ಪತ್ರೆಯ ಒಡೆತನ ಯಾವ ನಿಧಿಯದು, ಅದು ಕೈಬದಲಾದದ್ದು ಯಾವಾಗ, ಕಟ್ಟಡ ಸ್ವಂತದ್ದೋ ಬಾಡಿಗೆಯದ್ದೋ ಎಂಬ ಮೂರು ಸಾಲುಗಳಿಗೂ ಅದೇ ಫಲಕದಲ್ಲಿ ಜಾಗ ಮಾಡಿಕೊಡಲು ವಿಧಾನಮಂಡಲಕ್ಕೆ ಒಂದು ತಿದ್ದುಪಡಿ ಸಾಕು.