ಮುಯ್ಯಿ ಪುಸ್ತಕವಿಲ್ಲದ ಲೆಕ್ಕ



ಸ್ನೇಹ ಮುರಿದ ಮೇಲೆ ಉಪಕಾರಗಳ ಬಿಲ್ಲು ಕಳುಹಿಸುವ ಪರಿಪಾಠವೊಂದು ಸಿಂಗಪುರದ ನಮ್ಮ ಕುಟುಂಬಗಳ ನಡುವೆ ಬೇರೂರುತ್ತಿದೆ. ಚಾಂಗಿಯಿಂದ ಕರೆತಂದದ್ದು, ಬಂದ ಹೊಸತರಲ್ಲಿ ಮೂರು ವಾರ ಮನೆಯಲ್ಲಿರಿಸಿಕೊಂಡದ್ದು, ಬಾಣಂತಿಗೆ ಮೆಣಸಿನ ಸಾರು ಕಳುಹಿಸಿದ್ದು, ಎಲ್ಲವೂ ಒಮ್ಮೆಲೇ ಲೆಕ್ಕಕ್ಕೆ ಬರುತ್ತವೆ. "ಅಯ್ಯೋ, ಇದಕ್ಕೆಲ್ಲ ದುಡ್ಡೇ?" ಎಂದಿದ್ದವರೇ ಈಗ ಮಾಡಿದ್ದನ್ನೆಲ್ಲ ಎತ್ತಿ ಆಡುತ್ತಾರೆ. ಇದನ್ನು ಕಂಡು ಹೊಸ ಕುಟುಂಬಗಳು ಸಹಾಯ ಕೇಳಲೇ ಹಿಂಜರಿಯುತ್ತಿವೆ.

ನಮ್ಮ ಹಿರಿಯರೂ ಲೆಕ್ಕವಿಡುತ್ತಿದ್ದರಲ್ಲ ಎಂಬ ಸಮರ್ಥನೆಯುಂಟು. ಇಡುತ್ತಿದ್ದರು, ನಿಜ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಮದುವೆಯ ಮುಯ್ಯಿಯನ್ನು ಎಲ್ಲರೆದುರೇ ಬರೆದುಕೊಳ್ಳುತ್ತಿದ್ದರು; ಕೊಟ್ಟವರ ಮನೆಯ ಮದುವೆ ಬಂದಾಗ ಪುಸ್ತಕ ತೆರೆದು ನೋಡಿ ಹಿಂದಿರುಗಿಸುತ್ತಿದ್ದರು. ಮುಯ್ಯಾಳಿನ ಕ್ರಮವೂ ಅಂಥದೇ. ಇಂದು ನನ್ನ ಗದ್ದೆಯ ನಾಟಿಗೆ ನಿಮ್ಮ ಮನೆಯ ಇಬ್ಬರು, ನಾಳೆ ನಿಮ್ಮ ಗದ್ದೆಗೆ ನಮ್ಮವರಿಬ್ಬರು. ಪಡೆಯುವವನಿಗೆ ಪಡೆಯುವಾಗಲೇ ಬಾಕಿಯ ಅಳತೆ ಗೊತ್ತಿತ್ತು. ಆಳಿಗೆ ಆಳು ಸಂದರೆ ಹಂಗು ಹರಿಯಿತು. ನಾವಾದರೋ ಪುಸ್ತಕವನ್ನು ಊರಿನಲ್ಲೇ ಬಿಟ್ಟು ಲೆಕ್ಕವನ್ನು ಮಾತ್ರ ಮನಸ್ಸಿನೊಳಗಿಟ್ಟುಕೊಂಡು ಬಂದಿದ್ದೇವೆ. ಸಾಲಗಾರನಿಗೇ ತಿಳಿಸದ ಸಾಲವನ್ನು ಅವನು ತೀರಿಸುವುದಾದರೂ ಹೇಗೆ?

ಕಾನೂನಿನ ಬೆದರಿಕೆ ಹಾಕುವವರೂ ಇದ್ದಾರೆ. ಭಾರತದ 1872ರ ಕರಾರು ಕಾಯ್ದೆಯ 25ನೆಯ ಸೆಕ್ಷನ್, ಸ್ವಇಚ್ಛೆಯಿಂದ ಮಾಡಿದ ಉಪಕಾರಕ್ಕೆ ತರುವಾಯ ಕೊಟ್ಟ ಪ್ರತಿಫಲದ ಮಾತನ್ನೂ ಮಾನ್ಯ ಮಾಡುತ್ತದೆ. ಇಂಗ್ಲಿಷ್ ಕಾನೂನಿನ ಪರಂಪರೆಯ ಸಿಂಗಪುರದಲ್ಲಿ, ಕೇಳದೆಯೇ ಮಾಡಿ ಮುಗಿಸಿದ ಉಪಕಾರಕ್ಕೆ ಆಮೇಲೆ ಕೊಟ್ಟ ಬರಿಯ ಮಾತು ಸಾಮಾನ್ಯವಾಗಿ ನಿಲ್ಲದು. ಮೆಣಸಿನ ಸಾರಿಗೆ ಯಾರೂ ಮಾತು ಕೊಟ್ಟಿರಲೇ ಇಲ್ಲ!

ಕೈಗಡದ ವಿಷಯ ಬೇರೆ. ಬಾಡಿಗೆಮನೆಯ ಮುಂಗಡಕ್ಕೆಂದು 4,000 ಡಾಲರ್ ಪಡೆದು, ಹಿಂದಿರುಗಿ ಕೇಳಿದೊಡನೆ "ಸ್ನೇಹದಲ್ಲಿ ಲೆಕ್ಕವೇ?" ಎನ್ನುವವರ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಇವರು ಎತ್ತಿ ಆಡುವವರಿಗಿಂತ ಕೆಟ್ಟವರು. ಕೊಡುವವರು ಮೊತ್ತವನ್ನೂ ತೀರಿಸುವ ದಿನವನ್ನೂ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಲಿ. ಕರಾರಿನ ಬಾಕಿಗೆ ದಾವೆ ಹೂಡಲು ಇಲ್ಲಿ ಸಾಮಾನ್ಯವಾಗಿ 6 ವರ್ಷಗಳ ಅವಧಿಯಿದೆ. ಅದಕ್ಕೂ ಮುನ್ನ, ಸ್ವಯಂಸೇವಕರೇ ಸಂಧಾನ ನಡೆಸುವ ಸಮುದಾಯ ಮಧ್ಯಸ್ಥಿಕೆ ಕೇಂದ್ರವಿದೆ. ದಯವಿಟ್ಟು ಅಲ್ಲಿಗೆ ಹೋಗಿ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಎರಡು ಕುಟುಂಬಗಳನ್ನು ದೂರ ದೂರ ಕೂರಿಸುವ ಹೊಣೆಯನ್ನು ಬಡಿಸುವ ಕಾರ್ಯಕರ್ತರ ತಲೆಗೆ ಕಟ್ಟಬೇಡಿ. ಅವರ ಕೈಯಲ್ಲಿ ಆಗಲೇ ಸಾಂಬಾರಿನ ಬಕೆಟ್ಟಿದೆ.