ಪೊಟ್ಟಣದ ಮೇಲಣ ಚಿತ್ರ

ಅಕ್ಷರವನ್ನರಿಯದ ಗಿರಾಕಿಯನ್ನು ಚಿತ್ರದ ಮೂಲಕ ಸೆಳೆಯುವ ಉಪಾಯವನ್ನು ನಮ್ಮ ದೇಶದಲ್ಲಿ ಸರ್ಕಾರಕ್ಕಿಂತ ಬಹಳ ಮೊದಲೇ ಬೀಡಿಯ ವ್ಯಾಪಾರಿಗಳು ಕಂಡುಕೊಂಡಿದ್ದರು. ಕಟ್ಟಿನ ಮೇಲೆ ದೇವರನ್ನೋ ಹುಲಿಯನ್ನೋ ಅಂಕೆಯೊಂದನ್ನೋ ಬಣ್ಣದಲ್ಲಿ ಅಚ್ಚುಹಾಕಿ, ಹೆಸರನ್ನು ಓದಲಾರದ ಕೂಲಿಕಾರನೂ ಅಂಗಡಿಯ ಮುಂದೆ ನಿಂತು ಬೆರಳು ತೋರಿಸಿ ತನಗೆ ಬೇಕಾದುದನ್ನೇ ಪಡೆಯುವಂತೆ ಮಾಡಿದವರು ಅವರು. ಅದೇ ಕಟ್ಟಿನ ಮೇಲೆ, ಅದೇ ಸಿಗರೇಟಿನ ಪೊಟ್ಟಣದ ಮೇಲೆ, ರೋಗದಿಂದ ಕೊಳೆತ ಕಂಠವೊಂದನ್ನು ದೊಡ್ಡದಾಗಿ ಮುದ್ರಿಸಬೇಕೆಂದು ಶಾಸನವು ವಿಧಿಸಿದೊಡನೆ, ಅಷ್ಟು ದೊಡ್ಡ ಚಿತ್ರದಿಂದ ಪ್ರಯೋಜನವುಂಟೆಂಬುದಕ್ಕೆ ಪ್ರಮಾಣವೆಲ್ಲಿ ಎಂದು ತಂಬಾಕಿನ ಉದ್ಯಮವು ನ್ಯಾಯಾಲಯದ ಮೆಟ್ಟಿಲೇರಿದುದು ವಿನೋದವೇ ಸರಿ.

ಈ ಪ್ರಸಂಗವು ನಮ್ಮ ನಾಡಿಗೆ ಅನ್ಯವಾದುದಲ್ಲ. ಅದುವರೆಗೆ ಪೊಟ್ಟಣದ ಮುಂಭಾಗದ ಶೇಕಡ 40ರಷ್ಟರಲ್ಲಿ ಅಡಗಿಕೊಂಡಿದ್ದ ಎಚ್ಚರಿಕೆಯನ್ನು ಎರಡೂ ಮುಖಗಳ ಶೇಕಡ 85ಕ್ಕೆ ಏರಿಸುವ ನಿಯಮವನ್ನು ಕೇಂದ್ರ ಆರೋಗ್ಯ ಸಚಿವಾಲಯವು 2014ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಸಂಸದೀಯ ಸಮಿತಿಯೊಂದು ಶೇಕಡ 50 ಸಾಕೆಂದಿತು. ಒಂದು ವರ್ಷ ಮುಂದೂಡಿದ ಬಳಿಕ, 2016ರ ಏಪ್ರಿಲ್ 1ರಂದು ನಿಯಮವು ಜಾರಿಗೆ ಬಂದಿತು. ನಾನಾ ಕಡೆ ಹೂಡಿದ್ದ ದಾವೆಗಳನ್ನು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಲು, ಆ ನ್ಯಾಯಾಲಯವು 2017ರ ಡಿಸೆಂಬರ್ 15ರಂದು ನಿಯಮವನ್ನು ರದ್ದುಗೊಳಿಸಿತು. ಮುಂದಿನ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಿತ್ತಿತು.

ನ್ಯಾಯಮೂರ್ತಿಗಳ ವಿದ್ವತ್ತಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿಯೂ, ಆ ತೀರ್ಪನ್ನು ನಾನು ಒಪ್ಪಲಾರೆ. ಪ್ರಮಾಣವೇ ಬೇಕೆಂದರೆ, 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಸಿಗರೇಟು ಸೇದುವವರ ಪೈಕಿ ಶೇಕಡ 62ರಷ್ಟು ಮಂದಿಯೂ ಬೀಡಿ ಸೇದುವವರ ಪೈಕಿ ಶೇಕಡ 54ರಷ್ಟು ಮಂದಿಯೂ ಪೊಟ್ಟಣದ ಮೇಲಣ ಎಚ್ಚರಿಕೆಯನ್ನು ಕಂಡು ಚಟವನ್ನು ಬಿಡುವ ಯೋಚನೆ ಮಾಡಿದುದಾಗಿ ಹೇಳಿದ್ದಾರೆ. ಯೋಚಿಸಿದವರೆಲ್ಲರೂ ಬಿಟ್ಟರೆಂದಾಗಲಿ, ಏಳು ವರ್ಷಗಳಲ್ಲಿ ತಂಬಾಕು ಬಳಸುವ ವಯಸ್ಕರು ಶೇಕಡ 34.6ರಿಂದ 28.6ಕ್ಕೆ ಇಳಿದುದೆಲ್ಲ ಚಿತ್ರದ ಪುಣ್ಯವೆಂದಾಗಲಿ ನಾನು ಹೇಳೆನು. ಆದರೆ ಸೇದುವವನನ್ನು ಒಂದು ಕ್ಷಣ ತಡೆದು ನಿಲ್ಲಿಸುವುದೇ ಚಿತ್ರದ ಕೆಲಸವಾಗಿರುವಾಗ, ಅದು ತನ್ನ ಕೆಲಸವನ್ನು ಮಾಡಿತೆಂದು ಒಪ್ಪಲು ಸಂಕೋಚವೇಕೆ?

ಭಯದ ಚಿತ್ರವು ಅಸಹ್ಯವೆಂದೂ ಸುಸಂಸ್ಕೃತ ಸಮಾಜಕ್ಕೆ ಒಪ್ಪದೆಂದೂ ಮೂಗುಮುರಿಯುವವರುಂಟು. ‘ಮುದ್ರಾರಾಕ್ಷಸ’ ನಾಟಕದ ಗೂಢಚಾರನು ಯಮಪಟವನ್ನು ಹಿಡಿದು ಮನೆಮನೆ ತಿರುಗುತ್ತಾನೆಂಬುದನ್ನು ಅವರು ಮರೆತಿದ್ದಾರೆ, ಪಾಪಕ್ಕೆ ಒದಗುವ ಯಾತನೆಯನ್ನು ಬಟ್ಟೆಯ ಮೇಲೆ ಬರೆದು ಬೀದಿಯಲ್ಲಿ ಬಿಡಿಸಿ ತೋರುವುದು ಈ ದೇಶಕ್ಕೆ ಹೊಸತಲ್ಲ. ಹೊಸತಾದುದು ನಮ್ಮ ಅಧಿಕಾರಿಗಳ ಕಲ್ಪನಾದಾರಿದ್ರ್ಯ. 2009ರ ಮೇ 31ರಂದು ಚಿತ್ರಗಳು ಮೊದಲು ಕಾಣಿಸಿಕೊಂಡಾಗ, ಜಗಿಯುವ ತಂಬಾಕಿನ ಮೇಲೆ ಅಚ್ಚಾದುದು ಒಂದು ಚೇಳು! ಹುಲಿಯ ಗುರುತನ್ನು ನೋಡಿ ಸರಕನ್ನು ಕೊಂಡು ಅಭ್ಯಾಸವಾದವನಿಗೆ ಚೇಳೂ ಇನ್ನೊಂದು ಗುರುತಲ್ಲದೆ ಮತ್ತೇನು? ಬಾಯೊಳಗಣ ಹುಣ್ಣನ್ನು ತೋರಬೇಕಾದಲ್ಲಿ ಒಗಟನ್ನು ಹಾಕಿ, ಚಿತ್ರವು ಫಲಿಸಲಿಲ್ಲವೆಂದರೆ ತಪ್ಪು ಚಿತ್ರಕಲೆಯದಲ್ಲ. ಒಳ್ಳೆಯ ಚಿತ್ರವೂ ಹಳತಾಗುತ್ತದೆ. ಹೊಸ ಮನೆಯ ಮುಂದೆ ತೂಗಿದ ದೃಷ್ಟಿಬೊಂಬೆಯು ಮೊದಲ ದಿನ ಮಕ್ಕಳನ್ನು ಬೆಚ್ಚಿಸಿ, ತಿಂಗಳು ಕಳೆಯುವುದರೊಳಗೆ ಗೋಡೆಯ ಅಂಗವೇ ಆಗಿಬಿಡುವಂತೆ, ಪೊಟ್ಟಣದ ಹುಣ್ಣೂ ಕಣ್ಣಿಗೆ ಒಗ್ಗಿಹೋಗುವುದರಿಂದ, ಆಗಾಗ ಅದನ್ನು ಬದಲಿಸಬೇಕೆಂಬ ನಿಯಮದಲ್ಲಿ ವಿವೇಕವಿದೆ.

ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರರ ಮತ್ತು ಕರಾವಳಿಯ ಜಗಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡಿನ ಪ್ರಶ್ನೆಯು ನಿಜವಾದುದು. ಅವರಿಗೆ ಬೇರೊಂದು ಬೆಳೆಯನ್ನೂ ಬೇರೊಂದು ಕಸುಬನ್ನೂ ಒದಗಿಸುವ ಹೊಣೆ ಸರ್ಕಾರದ್ದು. ಅವರನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ಅವಿತುಕೊಳ್ಳುವುದು ದೊಡ್ಡ ವ್ಯಾಪಾರಿಗಳಿಗೆ ಶೋಭಿಸದು.

ನನ್ನ ದೂರು ಬೇರೊಂದುಂಟು. ಬಿಡಿಯಾಗಿ ಸಿಗರೇಟು ಮಾರಕೂಡದೆಂಬ ಶಾಸನವು ನಮ್ಮ ರಾಜ್ಯದಲ್ಲಿ ಇದೆ. ಆದರೂ ಸಂಜೆಯ ಹೊತ್ತು ಯಾವುದಾದರೊಂದು ಬಸ್ ನಿಲ್ದಾಣದ ಗೂಡಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿರಿ: ಕಾಲೇಜಿನ ಹುಡುಗನೊಬ್ಬನು ಚಿಲ್ಲರೆಯನ್ನು ನೀಡಿ, ಒಂದೇ ಒಂದು ಸಿಗರೇಟನ್ನು ಪಡೆದು, ಅಲ್ಲೇ ತೂಗಾಡುವ ಲೈಟರಿನಿಂದ ಹೊತ್ತಿಸಿಕೊಂಡು ಹೋಗುತ್ತಾನೆ, ಇಷ್ಟೆಲ್ಲ ವ್ಯಾಜ್ಯಕ್ಕೆ ಕಾರಣವಾದ ಆ ಶೇಕಡ 85ರ ಚಿತ್ರವು ಪೊಟ್ಟಣದೊಡನೆ ಅಂಗಡಿಯವನ ಮೊಣಕಾಲ ಬಳಿಯೇ ಉಳಿಯುತ್ತದೆ.